ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ: ಕೊಡುವ ಮಾತು, ತಗೊಳ್ಳುವ ಮಾತು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಈಗಷ್ಟೇ ಬ್ರಿಟನ್ನಿಗೆ ಬಂದಿರುವ ತಮ್ಮಂದಿರಿಗೆ, ತಂಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ರೂಮು ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು, ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ದಾನ-ಧರ್ಮದ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೂ, "ಮೊದಲು ಸಾಲ ತೀರಲಿ ಅಣ್ಣಾ, ಆಮೇಲೆ ನೋಡೋಣ" ಅನ್ನುವವರೇ ಜಾಸ್ತಿ. ಸಾಲ ತೀರಬೇಕು, ನಿಜ. ಆದರೆ ಕೊಡುವುದಕ್ಕೆ ಅಲ್ಲಿಯ ತನಕ ಕಾಯಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಯಾರೂ ಹಾಗೆ ಕಾಯುವುದಿಲ್ಲ.

ಗವಿಮಠದ ಜಾತ್ರೆಯನ್ನೇ ನೋಡಿ. ಪುಷ್ಯ ಬಹುಳ ಬಿದಿಗೆಯ ದಿನ ಕೊಪ್ಪಳದಲ್ಲಿ ಗವಿಸಿದ್ಧೇಶ್ವರನ ತೇರು. ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ತೇರು ಒಂದು ಸಂಜೆಯದು, ಮಹಾದಾಸೋಹ ಮಾತ್ರ ದಿನಗಟ್ಟಲೆ ನಡೆಯುತ್ತದೆ. ಲಕ್ಷಗಟ್ಟಲೆ ಜನ ಉಂಡು ಹೋಗುತ್ತಾರೆ. ಅಷ್ಟು ಜನಕ್ಕೆ ರೊಟ್ಟಿ ಎಲ್ಲಿಂದ ಬರಬೇಕು? ಯಾವ ಒಬ್ಬ ಸಾಹುಕಾರನೂ ಮಾಡಿಸಿ ಕಳಿಸುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆಗೆ ಮೊದಲೇ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಓಣಿಯ ಹೆಂಗಸರು ಒಂದು ಕಡೆ ಸೇರುತ್ತಾರೆ. ಒಬ್ಬಾಕೆ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ಕೊಡುತ್ತಾಳೆ. ನಾಲ್ಕಾರು ಜನ ಬಡಿಯುತ್ತಾರೆ. ಇನ್ನೊಬ್ಬಾಕೆ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕುತ್ತಾಳೆ. ಬೆಂದ ರೊಟ್ಟಿಯನ್ನು ಖಡಕ್ ಆಗುವ ತನಕ ಒಣಗಿಸುತ್ತಾರೆ, ಹಾಗೆ ಒಣಗಿದರೆ ಬಹಳ ದಿನ ಕೆಡುವುದಿಲ್ಲ. ಆಮೇಲೆ ಬುಟ್ಟಿ ತುಂಬಿ, ಟ್ರ್ಯಾಕ್ಟರ್‌ಗೆ ಹೇರಿ, ಬಾಜಾ ಭಜಂತ್ರಿ ಜೊತೆ ಮಠಕ್ಕೆ ತರುತ್ತಾರೆ. ಜೋಳ ಇದ್ದವರು ಜೋಳ ಕೊಡುತ್ತಾರೆ, ತರಕಾರಿ ಬೆಳೆದವರು ತರಕಾರಿ. ಏನೂ ಇಲ್ಲದವರು ಪಂಕ್ತಿಯಲ್ಲಿ ಬಡಿಸುತ್ತಾರೆ, ಪಾತ್ರೆ ತಿಕ್ಕುತ್ತಾರೆ.

ಕೂಲಿಗೆ ಹೋಗುವ ಅವ್ವ ಬಡಿದ ಹತ್ತು ರೊಟ್ಟಿಯೂ ಅದೇ ರಾಶಿಗೆ ಸೇರುತ್ತವೆ. ಒಮ್ಮೆ ಸೇರಿದ ಮೇಲೆ ಯಾರ ರೊಟ್ಟಿ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸುವುದು ಇದೇ.

2019ರಲ್ಲಿ ಗವಿಮಠದ ಸ್ವಾಮಿಗಳ ಮುಂದಾಳತ್ವದಲ್ಲಿ ಹಿರೇಹಳ್ಳ ಸ್ವಚ್ಛ ಮಾಡಿದಾಗಲೂ ಜನ ಸೇರಿದ್ದು ಹೀಗೇ. ಹಣ ಇದ್ದವರು ಹಣ ಕೊಟ್ಟರು, ಯಂತ್ರ ಇದ್ದವರು ಯಂತ್ರ ತಂದರು, ಉಳಿದವರು ಮೈಬಗ್ಗಿಸಿ ದುಡಿದರು. ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ದೇವರಿಗೆ ಸಕ್ಕರೆ ಓದಿಸಿ ಹಂಚುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಿಗೆ ರಸ್ತೆ ಬದಿಯಲ್ಲಿ ಅರವಟಿಗೆ ಇಡುವವರು ಹೆಸರು ಕೇಳಿ ನೀರು ಕೊಡುವುದಿಲ್ಲ. ಇದನ್ನೆಲ್ಲ ನೋಡಿಯೇ ಬೆಳೆದವರು ನಾವು. ಇಲ್ಲಿಗೆ ಬಂದ ಮೇಲೆ ಈ ರೂಢಿ ತಪ್ಪಿಹೋಗುವುದು ಮನಸ್ಸು ಸಣ್ಣದಾಗಿ ಅಲ್ಲ, ಎಲ್ಲಿ ಹೇಗೆ ಕೊಡಬೇಕು ಅಂತ ಗೊತ್ತಿಲ್ಲದೆ. ಅದಕ್ಕೇ ಈ ಬರಹ.

ಮೊದಲಿಗೆ ತಗೊಳ್ಳುವ ಮಾತು. ಬಂದ ಹೊಸದರಲ್ಲಿ ಕೈ ಖಾಲಿ ಆಗುತ್ತದೆ. ಡಿಪಾಸಿಟ್ ಕಟ್ಟಿ, ಬಾಡಿಗೆ ಕಟ್ಟಿ, ಕೆಲಸ ಇನ್ನೂ ಸಿಗದೆ ಬ್ರೆಡ್ಡು ನೀರಲ್ಲಿ ದಿನ ದೂಡುವ ಹುಡುಗರು ಇದ್ದಾರೆ. ಮನೆಗೆ ಫೋನ್ ಮಾಡಿದಾಗ ಅವ್ವ "ಊಟ ಆತೇನಪಾ?" ಅಂದರೆ "ಆತವಾ" ಅನ್ನುತ್ತಾರೆ. ಹಾಗೆ ಇರಬೇಡಿ. ಇಲ್ಲಿ ನೀವಿರುವ ಜಾಗದ ಹತ್ತಿರ ಗುರುದ್ವಾರ ಇದ್ದರೆ ಹೋಗಿ. ಲಂಗರಿನಲ್ಲಿ ಯಾರು ಬಂದರೂ ಊಟ ಇದೆ, ಧರ್ಮ ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ, ಅಡುಗೆ ಸಸ್ಯಾಹಾರ. ಚಪ್ಪಲಿ ಬಿಚ್ಚಿ, ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ಕೂತರೆ ಆಯಿತು. ಬಟ್ಟೆ ಇಲ್ಲದಿದ್ದರೆ ಬಾಗಿಲಲ್ಲೇ ಇಟ್ಟಿರುತ್ತಾರೆ. ಉಂಡ ಮೇಲೆ ಮನಸ್ಸಿದ್ದರೆ ಒಂದು ತಾಸು ಪಾತ್ರೆ ತೊಳೆಯಿರಿ, ಯಾರೂ ಬೇಡ ಅನ್ನುವುದಿಲ್ಲ.

ಕಷ್ಟದಲ್ಲಿರುವವರಿಗೆ ಪುಕ್ಕಟೆ ದಿನಸಿ ಕೊಡುವ ಫುಡ್ ಬ್ಯಾಂಕ್ ಬಗ್ಗೆ ನಮ್ಮವರಲ್ಲಿ ಒಂದು ಹೆದರಿಕೆ ಇದೆ. ವೀಸಾದಲ್ಲಿ ಸರ್ಕಾರದ ಸಹಾಯಧನ ಪಡೆಯಬಾರದು ಅನ್ನುವ ಷರತ್ತು ಇರುತ್ತದಲ್ಲ, ಫುಡ್ ಬ್ಯಾಂಕಿಗೆ ಹೋದರೆ ಅದು ಮುರಿಯುತ್ತದೆ ಅಂತ. ಮುರಿಯುವುದಿಲ್ಲ. ಷರತ್ತು ಇರುವುದು ಸರ್ಕಾರದ ಕೆಲವು ನಿರ್ದಿಷ್ಟ ಭತ್ಯೆಗಳಿಗೆ. ಫುಡ್ ಬ್ಯಾಂಕು ಜನ ಕೊಟ್ಟದ್ದರಿಂದ ನಡೆಯುವ ಧರ್ಮದ ಕೆಲಸ, ಆ ಪಟ್ಟಿಯಲ್ಲಿ ಇಲ್ಲ. ಬಹಳಷ್ಟು ಕಡೆ ನೇರವಾಗಿ ಹೋದರೆ ಕೊಡುವುದಿಲ್ಲ, ಒಂದು ವೋಚರ್ ಬೇಕು. ಯೂನಿವರ್ಸಿಟಿಯ ವಿದ್ಯಾರ್ಥಿ ಸಹಾಯ ವಿಭಾಗದಲ್ಲೋ, ನಿಮ್ಮ ಜಿಪಿ (ನೀವು ಹೆಸರು ನೋಂದಾಯಿಸಿದ ಡಾಕ್ಟರು) ಹತ್ತಿರವೋ, ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಕಚೇರಿಯಲ್ಲೋ ಕೇಳಿ, ದಾರಿ ಹೇಳುತ್ತಾರೆ. ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ಅಂತಲೇ ಅನೇಕ ಯೂನಿವರ್ಸಿಟಿಗಳಲ್ಲಿ ಒಂದು ನಿಧಿಯೂ ಇರುತ್ತದೆ. ಕೇಳುವುದಕ್ಕೆ ನಾಚಬೇಡಿ. ಜಾತ್ರೆಯಲ್ಲಿ ದಾಸೋಹಕ್ಕೆ ಕೂರುವಾಗ ನಾಚಿದ್ದಿರಾ?

ಇನ್ನು ಕೊಡುವುದು. ದುಡ್ಡಿಲ್ಲದಾಗ ಕೈ ಇದೆ, ರಕ್ತ ಇದೆ.

ವಿದ್ಯಾರ್ಥಿ ವೀಸಾದವರು ವಾಲಂಟಿಯರ್ ಆಗಬಹುದು. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಬಿಡುವಿದ್ದಾಗ ಹೋಗಿ, ಯಾವ ಕರಾರೂ ಇಲ್ಲದೆ ಕೈಜೋಡಿಸಿ ಬಂದರೆ ಅದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಸಂಬಳ ಇಲ್ಲದಿದ್ದರೂ ಇಂತಿಷ್ಟು ಗಂಟೆ ಬರಲೇಬೇಕು ಅಂತ ಕರಾರು ಮಾಡಿಕೊಂಡು ನೌಕರರ ಹಾಗೆ ದುಡಿದರೆ, ಆ ಗಂಟೆಗಳು ಪದವಿ ಓದುವವರಿಗೆ ಟರ್ಮ್ ನಡೆಯುವಾಗ ವಾರಕ್ಕೆ ಇರುವ 20 ಗಂಟೆಯ ಮಿತಿಯೊಳಗೆ ಸೇರುತ್ತವೆ. ಒಪ್ಪಿಕೊಳ್ಳುವ ಮೊದಲು ಇದು ಯಾವ ಥರದ್ದು ಅಂತ ಕೇಳಿ ತಿಳಿದುಕೊಳ್ಳಿ. ಮಕ್ಕಳ ಜೊತೆ ಕೆಲಸ ಇದ್ದರೆ ಹಿನ್ನೆಲೆ ತಪಾಸಣೆ ಮಾಡಿಸುತ್ತಾರೆ, ಇಂಗ್ಲೆಂಡಿನಲ್ಲಿ ಡಿಬಿಎಸ್ ಅನ್ನುತ್ತಾರೆ. ಬೇಸರ ಪಡಬೇಡಿ, ಇಲ್ಲಿ ಹುಟ್ಟಿ ಬೆಳೆದವರಿಗೂ ಅದೇ ನಿಯಮ.

ರಕ್ತದಾನದ ವಿಷಯದಲ್ಲಿ ನಮ್ಮವರು ಇನ್ನೂ ಮುಂದೆ ಬರಬೇಕು. ಇಂಗ್ಲೆಂಡಿನಲ್ಲಿ ಗಂಡಸರು 12 ವಾರಕ್ಕೊಮ್ಮೆ, ಹೆಂಗಸರು 16 ವಾರಕ್ಕೊಮ್ಮೆ ಕೊಡಬಹುದು. ತೂಕ 50 ಕಿಲೋ ಇರಬೇಕು. ಊರಿಗೆ ಹೋಗಿ ಬಂದವರು ಮಲೇರಿಯಾ ಕಾರಣಕ್ಕೆ 4 ತಿಂಗಳು ಕಾಯಬೇಕು. ನಾವು ಭಾರತದಲ್ಲೇ ಬೆಳೆದವರಾದ್ದರಿಂದ ಮೊದಲ ಸಲ ಮಲೇರಿಯಾ ಪರೀಕ್ಷೆಯನ್ನೂ ಮಾಡುತ್ತಾರೆ. ಕಾಂಡಕೋಶ (ಸ್ಟೆಮ್ ಸೆಲ್) ದಾನಿಗಳ ಪಟ್ಟಿಗೂ ಹೆಸರು ಕೊಡಿ. ರಕ್ತದ ಕ್ಯಾನ್ಸರ್ ಬಂದವರಿಗೆ ಹೊಂದುವ ದಾನಿ ಸಾಮಾನ್ಯವಾಗಿ ಅವರ ಮೂಲದವರಲ್ಲೇ ಸಿಗುತ್ತಾರೆ, ದಕ್ಷಿಣ ಏಷ್ಯಾದವರ ಹೆಸರುಗಳು ಆ ಪಟ್ಟಿಯಲ್ಲಿ ಕಡಿಮೆ. ಯಾವುದೋ ಊರಿನ ನಮ್ಮಂಥವರ ಮಗು ಅದಕ್ಕಾಗಿ ಕಾಯುತ್ತಿರುತ್ತದೆ.

ಪೇಟೆ ಬೀದಿಯಲ್ಲಿ ಕೈಯಲ್ಲಿ ಟ್ಯಾಬ್ ಹಿಡಿದು ನಗುನಗುತ್ತಾ ನಿಲ್ಲಿಸುವವರು ಸಿಗುತ್ತಾರೆ. ಅವರು ಕೇಳುವುದು ಒಂದು ಸಲದ ಚಿಲ್ಲರೆ ಅಲ್ಲ, ಪ್ರತಿ ತಿಂಗಳು ಖಾತೆಯಿಂದ ಕಡಿತ. ಇಲ್ಲ ಅನ್ನಲು ಸಂಕೋಚವಾಗಿ ಬ್ಯಾಂಕ್ ವಿವರ ಕೊಟ್ಟುಬಿಡುವ ಹೊಸಬರು ಬಹಳ. ಸಂಸ್ಥೆಯ ನೋಂದಣಿ ಸಂಖ್ಯೆ ಬರೆದುಕೊಳ್ಳಿ, ಮನೆಗೆ ಹೋಗಿ, ದಾನ ಸಂಸ್ಥೆಗಳನ್ನು ನೋಂದಾಯಿಸುವ ಚಾರಿಟಿ ಕಮಿಷನ್‌ನ ಪಟ್ಟಿಯಲ್ಲಿ ನೋಡಿ. ಸ್ಕಾಟ್ಲೆಂಡಿನಲ್ಲಿದ್ದರೆ ಅಲ್ಲಿನದೇ ಬೇರೆ ಪಟ್ಟಿ ಇದೆ. ಸರಿ ಕಂಡರೆ ಕೊಡಿ. ಕೊಡುವಾಗ ಗಿಫ್ಟ್ ಏಡ್ ಅಂತ ಒಂದು ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ನಿಮ್ಮ 10 ಪೌಂಡಿಗೆ ಸರ್ಕಾರ ಎರಡೂವರೆ ಪೌಂಡ್ ಸೇರಿಸಿ ಸಂಸ್ಥೆಗೆ ಕೊಡುತ್ತದೆ. ಆ ವರ್ಷ ನೀವು ಅಷ್ಟಾದರೂ ತೆರಿಗೆ ಕಟ್ಟಿರಬೇಕು. ತೆರಿಗೆ ಕಟ್ಟದ ವಿದ್ಯಾರ್ಥಿಗಳು ಗುರುತು ಹಾಕಬೇಡಿ, ಆಮೇಲೆ ಆ ವ್ಯತ್ಯಾಸವನ್ನು ನಿಮ್ಮಿಂದಲೇ ಕೇಳಬಹುದು.

ಊರಿಗೆ ಕಳಿಸುವ ಹಣದಲ್ಲಿ ಪಾಸ್‌ಪೋರ್ಟ್ ಮುಖ್ಯ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಮಠಕ್ಕೋ, ಟ್ರಸ್ಟಿಗೋ ಕೊಟ್ಟದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡು) ಇಟ್ಟುಕೊಂಡವರ ಕಥೆ ಬೇರೆ. ಅವರ ಹಣ ಕಾನೂನಿನ ಕಣ್ಣಲ್ಲಿ ವಿದೇಶಿ ದೇಣಿಗೆ. ಅದನ್ನು ಪಡೆಯಲು ಆ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಮೊದಲು ಬರಬೇಕು. ಅಕ್ಕರೆಯಿಂದ ಕಳಿಸಿದ ದುಡ್ಡೇ ಊರಿನ ಸಣ್ಣ ಟ್ರಸ್ಟನ್ನು ತೊಂದರೆಗೆ ಸಿಕ್ಕಿಸಬಹುದು. ಕಳಿಸುವ ಮೊದಲು ಅವರನ್ನೇ ಕೇಳಿ. ಅಪ್ಪ-ಅವ್ವನಿಗೆ ಮನೆ ಖರ್ಚಿಗೆ ಕಳಿಸುವುದು ಇದಕ್ಕೆ ಸೇರುವುದಿಲ್ಲ, ನೆಮ್ಮದಿಯಾಗಿ ಕಳಿಸಿ.

ವಾಟ್ಸಾಪ್‌ನಲ್ಲಿ ಕಾಯಿಲೆ ಬಿದ್ದ ಮಗುವಿನ ಫೋಟೊ ಬಂದಾಗ ಕರುಳು ಚುರ್ ಅನ್ನುತ್ತದೆ. ಆದರೂ ಒಂದು ಫೋನ್ ಮಾಡಿ. ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಆ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಕರೆ ಮಾಡಿ, ಆ ಹೆಸರಿನ ಮಗು ದಾಖಲಾಗಿದೆಯಾ ಅಂತ ಕೇಳಿ, ರೋಗಿಯ ಸಂಖ್ಯೆ ಹಾಕಿ ಆಸ್ಪತ್ರೆಯ ಖಾತೆಗೇ ಕಟ್ಟಿ. ಕಟ್ಟಿದ ಮೇಲೆ ಆ ಫೋಟೊವನ್ನು ಮತ್ತೆ ನಾಲ್ಕು ಗುಂಪಿಗೆ ಹಾಕಬೇಡಿ. ಮುಂದೆ ಆ ಮಗು ದೊಡ್ಡದಾಗುತ್ತದೆ, ಅದಕ್ಕೂ ಮಾನ ಇದೆ. ಬಡವರ ಕೈಗೆ ಕಿಟ್ ಕೊಟ್ಟು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. ಲೆಕ್ಕ ತೋರಿಸಬೇಕಾದರೆ ರಸೀದಿ ತೋರಿಸಿದರೆ ಸಾಕು.

ಕೊನೆಯದಾಗಿ ನೀವು ಓದಿದ ಸರ್ಕಾರಿ ಶಾಲೆ. 2013ರಲ್ಲಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಇಂಜಿನಿಯರಿಂಗ್, ಮೆಡಿಕಲ್ ಸೀಟಿನಲ್ಲಿ ಮೀಸಲು ಸಿಕ್ಕಿತು. ನಿಮ್ಮಲ್ಲಿ ಎಷ್ಟೋ ಜನ ಅದರಿಂದಲೇ ಓದಿದವರು. ಆದರೆ ಆ ಮೀಸಲಿಗೆ ಬೇಕಾದ ಪ್ರಮಾಣಪತ್ರ ಯಾವಾಗ ಮಾಡಿಸಬೇಕು, ಸಿಇಟಿ ಅರ್ಜಿಯಲ್ಲಿ ಏನು ತುಂಬಬೇಕು ಅಂತ ಹೇಳುವವರಿಲ್ಲದೆ ಹಿಂದೆ ಬೀಳುವ ಮಕ್ಕಳು ಈಗಲೂ ಇದ್ದಾರೆ. ಭಾನುವಾರ ಇಲ್ಲಿ ಬೆಳಿಗ್ಗೆ ಹತ್ತು ಗಂಟೆ ಅಂದರೆ ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ. ಆ ಹೊತ್ತಿಗೆ ಒಂದು ತಾಸು ಫೋನಿನಲ್ಲಿ ಕೂತು ಇಬ್ಬರು ಮಕ್ಕಳಿಗೆ ದಾರಿ ಹೇಳಿದರೆ ಅದೂ ದೊಡ್ಡ ಸಹಾಯವೇ. ಹಣ ಕೊಡುವ ಶಕ್ತಿ ಬಂದಾಗ ಹೆಡ್‌ಮಾಸ್ತರನ್ನೂ ಎಸ್‌ಡಿಎಂಸಿಯವರನ್ನೂ ಕೇಳಿ, ಅವರು ಹೇಳಿದ್ದನ್ನೇ ಕೊಡಿ. ನೀವು ಸ್ಮಾರ್ಟ್ ಬೋರ್ಡ್ ಅಂದುಕೊಂಡಿರುತ್ತೀರಿ, ಅಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು ಇರುವುದಿಲ್ಲ. ಅಂಥ ಕೆಲಸ ಇದ್ದರೆ ಏಪ್ರಿಲ್ ಹೊತ್ತಿಗೇ ಹಣ ತಲುಪಿಸಿ, ಬೇಸಿಗೆ ರಜೆಯಲ್ಲಿ ಪೈಪು ಹಾಕಿ ಮುಗಿಸಬಹುದು.