ಇಪ್ಪತ್ತು ಲೀಟರ್ ಹರಳೆಣ್ಣೆ, ನಾಲ್ಕು ಮೀಟರ್ ಗಾಜಿನ ಕೊಳವೆ

ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಕೊನೇ ವರ್ಷದ ನಾಲ್ವರು ಹುಡುಗರು ಒಂದು ದಿನ ಬಂದು, "ಸರ್, ಗಟ್ಟಿ ಕಚ್ಚಾ ತೈಲದ ಸುತ್ತ ನೀರು ಬಿಟ್ಟು ಪೈಪಿನಲ್ಲಿ ಸಾಗಿಸ್ತಾರಂತೆ. ನಾವೂ ಮಾಡಿ ತೋರಿಸೋಣ" ಅಂದರು.

ಉಪಾಯ ಹಳೆಯದು. ಅಮೆರಿಕದಲ್ಲಿ 1904ರಲ್ಲೇ ಇದಕ್ಕೆ ಪೇಟೆಂಟ್ ಆಗಿದೆ. ಕ್ಯಾಲಿಫೋರ್ನಿಯಾದಲ್ಲಿ ಶೆಲ್ ಕಂಪನಿ 1970ರಿಂದ ಹನ್ನೆರಡು ವರ್ಷ, 6 ಇಂಚಿನ, ಸುಮಾರು 38 ಕಿ.ಮೀ. ಉದ್ದದ ಪೈಪಿನಲ್ಲಿ ಹೀಗೇ ಎಣ್ಣೆ ಸಾಗಿಸಿತ್ತು. ನಡುವೆ ಎಣ್ಣೆ, ಸುತ್ತ ತೆಳ್ಳಗೆ ನೀರು. ಪೈಪಿನ ಗೋಡೆಗೆ ತಾಗುವುದು ನೀರು ಮಾತ್ರ. ಹಾಗಾಗಿ ಬರೀ ನೀರು ತಳ್ಳಲು ಎಷ್ಟು ಒತ್ತಡ ಬೇಕೋ ಹೆಚ್ಚುಕಮ್ಮಿ ಅಷ್ಟರಲ್ಲೇ ಎಣ್ಣೆಯೂ ಹೋಗುತ್ತದೆ.

ತುಮಕೂರಿನಲ್ಲಿ ಕಚ್ಚಾ ತೈಲ ಎಲ್ಲಿ ತರೋದು? ಮಂಡಿಪೇಟೆಯಿಂದ 20 ಲೀಟರ್ ಹರಳೆಣ್ಣೆ ತಂದೆವು. ಸುಮ್ನೆ ಆರಿಸಿದ್ದಲ್ಲ. ಅದರ ಜಿಗುಟು ನೀರಿನ ಆರೇಳುನೂರು ಪಟ್ಟು. ತೂಕ ಮಾತ್ರ ನೀರಿಗೆ ಹತ್ತಿರ, ಲೀಟರಿಗೆ 960 ಗ್ರಾಂ. ಹಗುರ ಜಾಸ್ತಿಯಾದರೆ ಎಣ್ಣೆ ತೇಲಿ ಪೈಪಿನ ಮೇಲ್ಭಾಗಕ್ಕೆ ತಾಗುತ್ತದೆ, ಆಟ ಮುಗೀತು. ಎಣ್ಣೆಗೆ ಒಂದು ಗೇರ್ ಪಂಪು, ನೀರಿಗೆ ಒಂದು ಟುಲ್ಲು ಪಂಪು. ಮೂತಿಯೊಳಗೆ ಇನ್ನೊಂದು ಮೂತಿ ಕೂರಿಸಿದ ಜೋಡಣೆಯನ್ನು ಅಂತರಸನಹಳ್ಳಿಯ ಲೇತ್ ಅಂಗಡಿಯಲ್ಲಿ ಮಾಡಿಸಿದೆವು. ಒಳಗಿಂದ ಎಣ್ಣೆ, ಸುತ್ತಲಿನ ಸಂದಿನಿಂದ ನೀರು.

ಮೊದಲು ಒಂದು ಇಂಚಿನ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಹಾಕಿದ್ದು ನನ್ನ ತಪ್ಪು. ಅರ್ಧ ನಿಮಿಷ ಚೆನ್ನಾಗಿ ಹೋಯಿತು. ಆಮೇಲೆ ಒಂದು ಕಡೆ ಎಣ್ಣೆ ಅಂಟಿತು. ಅದರ ಮೇಲೆ ಇನ್ನಷ್ಟು ಅಂಟಿತು. ಕೊನೆಗೆ ನೀರು ಒಂದು ದಾರಿ, ಎಣ್ಣೆ ಒಂದು ದಾರಿ. ಪ್ಲಾಸ್ಟಿಕ್‌ಗೆ ನೀರಿಗಿಂತ ಎಣ್ಣೆಯ ಮೇಲೇ ಪ್ರೀತಿ. ಗಾಜು ಹಾಗಲ್ಲ, ನೀರನ್ನು ಹಿಡಿದುಕೊಳ್ಳುತ್ತದೆ. ಪೈಪಿನ ಒಳಗೆ ಸಿಮೆಂಟ್ ಲೇಪ ಕೊಡುವ ಯೋಚನೆ ಬಂದಿರುವುದೂ ಇದಕ್ಕೇ.

ಗಾಜಿನ ಕೊಳವೆ ಹಾಕಿದರೂ ಎರಡು ದಿನ ಅದೇ ಕಥೆ. ನಾವು ಎಣ್ಣೆ ಶುರು ಮಾಡಿ, ಆಮೇಲೆ ನೀರು ಬಿಡುತ್ತಿದ್ದೆವು. ಬಕೆಟ್ ಹಿಡಿದು ನಿಂತಿದ್ದ ನಮ್ಮ ಅಟೆಂಡರ್ ಅಕ್ಕ ಕೇಳಿದರು: "ಸಾರ್, ಮುದ್ದೆ ಕಟ್ಟೋಕೆ ಮುಂಚೆ ಕೈ ಒದ್ದೆ ಮಾಡ್ಕೋತೀವಲ್ವಾ? ಹಿಟ್ಟು ಮೆತ್ಕೊಂಡ ಮೇಲೆ ನೀರು ಹಾಕಿದ್ರೆ ಬಿಡುತ್ತಾ?" ಹುಡುಗರು ನಕ್ಕರು. ನಾನು ನಗಲಿಲ್ಲ. ಕೊಳವೆ ತೊಳೆದು, ಐದು ನಿಮಿಷ ಬರೀ ನೀರು ಹರಿಸಿ, ಆಮೇಲೆ ಎಣ್ಣೆ ಬಿಟ್ಟೆವು.

ಹೋಯಿತು. ನಸು ಹಳದಿ ಬಣ್ಣದ ಒಂದು ಕೋಲು ಗಾಜಿನೊಳಗೆ ಎಲ್ಲೂ ತಾಗದೆ ಜಾರುತ್ತಿತ್ತು. ಹತ್ತಿರದಿಂದ ನೋಡಿದರೆ ಅದರ ಮೈ ನುಣುಪಾಗಿಲ್ಲ, ತಿರುಪಿನ ಹಾಗೆ ಅಲೆಗಳಿವೆ. ಎಣ್ಣೆಯನ್ನು ಮೇಲಿನ ಗೋಡೆಯಿಂದ ದೂರ ಇಡುವುದು ಆ ಅಲೆಗಳೇ. ಅಲೆಗೂ ಗಾಜಿಗೂ ನಡುವೆ ಸಿಕ್ಕ ನೀರು ಎಣ್ಣೆಯನ್ನು ಕೆಳಕ್ಕೆ ಒತ್ತುತ್ತದೆ.

ನಿಮಿಷಕ್ಕೆ 12 ಲೀಟರ್ ಎಣ್ಣೆ ಒಂದನ್ನೇ ತಳ್ಳಿದಾಗ 4 ಮೀಟರಿಗೆ ಒತ್ತಡದ ಗೇಜು 0.6 ಕೆ.ಜಿ. (ಚದರ ಸೆಂ.ಮೀ.ಗೆ) ತೋರಿಸಿತ್ತು. ನಿಮಿಷಕ್ಕೆ 3 ಲೀಟರ್ ನೀರು ಸೇರಿಸಿದಾಗ ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ. ಗೇಜು ಕೆಟ್ಟಿದೆ ಅಂದುಕೊಂಡು ನೀರಿನ ಮಟ್ಟದಿಂದ ಒತ್ತಡ ಅಳೆಯುವ U ಆಕಾರದ ಕೊಳವೆ ಕಟ್ಟಿ ನೋಡಿದರೆ 9 ಸೆಂ.ಮೀ. ನೀರಿನಷ್ಟು ಒತ್ತಡ. ಮೊದಲಿನದು ಅದೇ ಲೆಕ್ಕದಲ್ಲಿ 6 ಮೀಟರ್! ಚಳಿಯ ಬೆಳಗ್ಗೆ ಎಣ್ಣೆ ಇನ್ನೂ ಗಟ್ಟಿಯಾಗಿದ್ದಾಗಲೂ ನೀರಿನ ಜೊತೆ ಅಳತೆ ಅಷ್ಟೇ ಬಂತು.

ಮೂರನೇ ದಿನ ನಡುವೆ ಕರೆಂಟ್ ಹೋಯಿತು. ಎಣ್ಣೆ ಮೇಲಕ್ಕೇರಿ ಉದ್ದಕ್ಕೂ ಗಾಜಿಗೆ ಮೆತ್ತಿಕೊಂಡಿತು. ಕರೆಂಟ್ ಬಂದ ಕೂಡಲೇ ಆತುರದಲ್ಲಿ ಎರಡೂ ಪಂಪು ಹಾಕಿದೆ. ಒಂದು ರಬ್ಬರ್ ಜಾಯಿಂಟ್ ಟಪ್ ಅಂತ ಕಳಚಿ ನನ್ನ ಅಂಗಿ, ಗೋಡೆ, ಅಟೆಂಡೆನ್ಸ್ ರಿಜಿಸ್ಟರ್ ಎಲ್ಲ ಹರಳೆಣ್ಣೆ. ನಿಂತ ಪೈಪನ್ನು ಮತ್ತೆ ಶುರು ಮಾಡುವುದೇ ದೊಡ್ಡ ಪೈಪ್‌ಲೈನ್‌ಗಳಿಗೂ ತಲೆನೋವು. ಆಮೇಲೆ ನೀರನ್ನು ಟುಲ್ಲು ಪಂಪಿನ ಬದಲು ಅಟ್ಟದ ಮೇಲಿನ ಡ್ರಮ್ಮಿನಿಂದ ಇಳಿಸಿದೆವು. ಕರೆಂಟ್ ಹೋದರೆ ಎಣ್ಣೆ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ, ಉಳಿದ ಎಣ್ಣೆಯನ್ನು ತಾನೇ ತೊಳೆದುಕೊಂಡು ಹೋಗುತ್ತದೆ.

ಮಾಡುವವರಿಗೆ ಒಂದು ಮಾತು. 20 ಲೀಟರ್ ಒಂದೂವರೆ ನಿಮಿಷಕ್ಕೇ ಖಾಲಿ. ಹೊರಬಂದದ್ದನ್ನು ಹಾಗೇ ಮತ್ತೆ ಗೇರ್ ಪಂಪಿಗೆ ಕೊಡಬೇಡಿ, ಕಡೆದ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಒಂದು ರಾತ್ರಿ ಡ್ರಮ್ಮಿನಲ್ಲಿ ಬಿಟ್ಟು ಮೇಲಿನದನ್ನು ತೆಗೆಯಿರಿ. ನಾವು ಕೆಡಿಸಿದ ನಾಲ್ಕು ಲೀಟರ್ ಇನ್ನೂ ಲ್ಯಾಬಿನ ಮೂಲೆಯಲ್ಲಿ ಬೆಳ್ಳಗೇ ಕೂತಿದೆ. ಗಾಡಿ ಕೀಲಿಗೆ ಬೇಕು ಅಂತ ವಾಚ್‌ಮನ್ ಕೇಳಿದ್ದಾರೆ.