‘ನಿಧಿ’ ಅನ್ನುವ ಪದ ತೆಗೆದ ಮೇಲೆ

ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನಾನು ಮೊದಲ ಸಲ ಸ್ವಂತವಾಗಿ ಒಂದು ಪ್ರಯೋಗ ನಡೆಸಿದೆ. ಆರಿಸಿಕೊಂಡದ್ದು ಪ್ರಾಯೋಗಿಕ ಅರ್ಥಶಾಸ್ತ್ರದವರೆಲ್ಲ ಒಮ್ಮೆಯಾದರೂ ಆಡಿಸಿರುವ ಪಬ್ಲಿಕ್ ಗೂಡ್ಸ್ ಆಟ. ಗುಂಪಿಗೆ 4 ಜನ, ಪ್ರತಿಯೊಬ್ಬರ ಕೈಗೆ 20 ಟೋಕನ್. ಅದರಲ್ಲಿ ಎಷ್ಟು ಗುಂಪಿಗೆ ಹಾಕಬೇಕು, ಎಷ್ಟು ತಾವೇ ಇಟ್ಟುಕೊಳ್ಳಬೇಕು ಅನ್ನುವುದು ಅವರವರ ತೀರ್ಮಾನ. ಗುಂಪಿಗೆ ಹಾಕಿದ್ದು 1.6 ಪಟ್ಟಾಗಿ ನಾಲ್ವರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ತಲಾ 32. ಯಾರೂ ಹಾಕದಿದ್ದರೆ ತಲಾ 20. ಮೂವರು ಹಾಕಿ ಒಬ್ಬರು ಮಾತ್ರ ಕೈ ಬಿಗಿಹಿಡಿದರೆ ಆ ಒಬ್ಬರಿಗೆ 44, ಉಳಿದವರಿಗೆ 24. ಇಕ್ಕಟ್ಟು ಇರುವುದು ಇಲ್ಲೇ. ಕೊನೆಯಲ್ಲಿ ಟೋಕನ್‌ಗೆ ತಕ್ಕಂತೆ ನಿಜವಾದ ದುಡ್ಡು ಕೊಡುತ್ತೇವೆ, ಹಾಗಾಗಿ ಯಾರೂ ಸುಮ್ನೆ ಬಟನ್ ಒತ್ತುವುದಿಲ್ಲ.

ಪೈಲಟ್‌ಗೆ, ಅಂದರೆ ಮುಖ್ಯ ಪ್ರಯೋಗಕ್ಕೆ ಮುಂಚಿನ ಸಣ್ಣ ಪರೀಕ್ಷೆಗೆ, 12 ಜನ ಬಂದಿದ್ದರು. 10 ಸುತ್ತು ಆಟ. ಸುತ್ತು ಕಳೆದಂತೆ ಹೆಚ್ಚಿನವರು ಹಾಕುವುದು ಕಮ್ಮಿಯಾಗುತ್ತಾ ಬಂತು. ಒಬ್ಬ ಮಹಿಳೆ ಮಾತ್ರ ಹತ್ತೂ ಸುತ್ತಿನಲ್ಲಿ 20ಕ್ಕೆ 20 ಹಾಕಿದರು. ಡೇಟಾದಲ್ಲಿ ನೋಡಿದರೆ ಅವರಷ್ಟು ಸಹಕಾರ ಮನೋಭಾವದವರು ಬೇರೆ ಯಾರೂ ಇಲ್ಲ. ಹೊರಡುವಾಗ ಕಾರಣ ಕೇಳಿದೆ. “ನಿಧಿಗೆ ಅಲ್ವಾ ಹಾಕಿದ್ದು? ಕಷ್ಟದಲ್ಲಿರೋರಿಗೆ ಹೋಗುತ್ತೆ ಅಂದ್ಕೊಂಡೆ” ಅಂದರು.

ನನಗೆ ಮಾತೇ ಹೊರಡಲಿಲ್ಲ. ಸೂಚನಾ ಹಾಳೆಯಲ್ಲಿ ‘ಸಾರ್ವಜನಿಕ ನಿಧಿ’ ಅಂತ ಬರೆದದ್ದು ನಾನೇ. ಆ ಪದ ಓದಿದ ಯಾರಿಗಾದರೂ ದಾನವೇ ನೆನಪಾಗುತ್ತದೆ. ಅವರು ಆಡಿದ್ದು ಬೇರೆಯೇ ಆಟ.

ಅವತ್ತು ರಾತ್ರಿ ಹಾಳೆಯನ್ನು ಮೊದಲಿನಿಂದ ಬರೆದೆ. ‘ನಿಧಿ’ ಹೋಗಿ ‘ಗುಂಪಿನ ಖಾತೆ’ ಬಂತು. ‘ದೇಣಿಗೆ’ ಇದ್ದ ಕಡೆಯೆಲ್ಲ ‘ಹಾಕುವ ಟೋಕನ್’ ಆಯಿತು. ಆಟಕ್ಕೆ ಮುಂಚೆ ನಾಲ್ಕು ಲೆಕ್ಕ ಇಟ್ಟೆ. ಅವು ಸರಿಯಾಗುವವರೆಗೆ ಮುಂದಿನ ಪರದೆ ತೆರೆಯುವುದಿಲ್ಲ. ಉದಾಹರಣೆಗಳಲ್ಲಿ ಬೇಕಂತಲೇ 7, 13ರಂಥ ಅಂಕಿ ಹಾಕಿದೆ. ಉದಾಹರಣೆಯಲ್ಲಿ 20 ಕಂಡರೆ, ಇವರು ನಮ್ಮಿಂದ ಬಯಸುವುದು ಅದನ್ನೇ ಅಂತ ಜನ ಅಂದುಕೊಳ್ಳುತ್ತಾರೆ.

ಒಂದು ದಿನ 16 ಜನರ ಬದಲು 15 ಜನ ಬಂದರು. ನಾಲ್ಕನೆಯವರ ಜಾಗದಲ್ಲಿ ಕಂಪ್ಯೂಟರನ್ನೇ ಆಡಿಸು, ಯಾರಿಗೂ ಗೊತ್ತಾಗಲ್ಲ ಅಂತ ಜೊತೆಗಿದ್ದವರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಭಾಗವಹಿಸುವವರಿಗೆ ಸುಳ್ಳು ಹೇಳಬಾರದು ಅನ್ನುವುದು ನಮ್ಮ ಕ್ಷೇತ್ರದ ಗಟ್ಟಿ ನಿಯಮ. ಒಮ್ಮೆ ಮೋಸ ಹೋದವರು ಮುಂದಿನ ಸಲ ಪರದೆಯ ಮೇಲೆ ಬಂದ ಯಾವ ಮಾತನ್ನೂ ನಂಬುವುದಿಲ್ಲ, ಅದರ ಪೆಟ್ಟು ಬೀಳುವುದು ಬೇರೆ ಸಂಶೋಧಕರ ಡೇಟಾಕ್ಕೂ. ಮೂವರಿಗೆ ಬಂದದ್ದಕ್ಕೆ ಕೊಡುವ ಹಣ ಕೊಟ್ಟು, ಕ್ಷಮೆ ಕೇಳಿ ಕಳಿಸಿದೆ. 12 ಜನರೊಂದಿಗೆ ಆಟ ನಡೆಯಿತು.

ನನ್ನ ಪ್ರಶ್ನೆ ಇಷ್ಟೇ: ಗುಂಪಿನ ಸರಾಸರಿ ತೋರಿಸುವ ಬದಲು ಯಾರು ಎಷ್ಟು ಹಾಕಿದರು ಅಂತ ಬಿಡಿಬಿಡಿಯಾಗಿ ತೋರಿಸಿದರೆ, ಸುತ್ತು ಕಳೆದಂತೆ ಆಗುವ ಇಳಿತ ನಿಧಾನವಾಗುತ್ತದಾ? ನಿಧಾನವಾಗುತ್ತದೆ ಅಂತ ಮೊದಲೇ ಬರೆದು ನೋಂದಾಯಿಸಿದ್ದೆ. ಸರಾಸರಿ ತೋರಿಸಿದ ಕಡೆಯೂ ಬಿಡಿಬಿಡಿಯಾಗಿ ತೋರಿಸಿದ ಕಡೆಯೂ ಮೊದಲ ಸುತ್ತಿನಲ್ಲಿ ಅರ್ಧದಷ್ಟು ಟೋಕನ್ ಹಾಕಿದರು, ಆಮೇಲೆ ಇಳಿಯುತ್ತಾ ಹೋಯಿತು. ಈ ಇಳಿತ ಹೊಸದಲ್ಲ. 2001ರಲ್ಲಿ ಫಿಶ್‌ಬಾಕರ್, ಗ್ಯಾಕ್ಟರ್, ಫೆರ್ ಅನ್ನುವ ಅರ್ಥಶಾಸ್ತ್ರಜ್ಞರು ತೋರಿಸಿದಂತೆ ಸುಮಾರು ಅರ್ಧದಷ್ಟು ಜನ ‘ನೀವು ಹಾಕಿದರೆ ನಾನೂ ಹಾಕುತ್ತೇನೆ’ ಅನ್ನುವವರು, ಸುಮಾರು ಶೇ. 30 ಜನ ಏನೂ ಹಾಕದವರು. ಎರಡನೆಯವರನ್ನು ನೋಡಿ ಮೊದಲನೆಯವರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆದರೆ ನಾನು ಹುಡುಕಿದ ವ್ಯತ್ಯಾಸ ಮಾತ್ರ ಸಿಗಲಿಲ್ಲ.

ಆ ವಾರ ತುಂಬಾ ಬೇಜಾರಾಗಿತ್ತು. ಗಂಡಸರು ಬೇರೆ ಹೆಂಗಸರು ಬೇರೆ, ಬೆಳಗಿನವರು ಬೇರೆ ಸಂಜೆಯವರು ಬೇರೆ ಅಂತ ಡೇಟಾವನ್ನು ಕತ್ತರಿಸಿ ನೋಡುವ ಆಸೆ ಬಂತು. ಒಂದಕ್ಕೊಂದು ಸಂಬಂಧವಿಲ್ಲದ ಆರು ಪರೀಕ್ಷೆ ಮಾಡಿದರೆ, ನಿಜದಲ್ಲಿ ಏನೂ ಇಲ್ಲದಿದ್ದರೂ, ಶೇ. 5ರ ಮಟ್ಟದಲ್ಲಿ (ಅಂದರೆ ಒಂದೊಂದು ಪರೀಕ್ಷೆಯೂ ಬರೀ ಆಕಸ್ಮಿಕವಾಗಿ ಹಾಗೆ ತೋರಿಸುವ ಸಾಧ್ಯತೆ ಶೇ. 5 ಇರುವಾಗ) ಒಂದಾದರೂ ‘ಸಿಕ್ಕಿತು’ ಅನ್ನಿಸುವ ಸಾಧ್ಯತೆ ಸುಮಾರು ಶೇ. 26. ಆ ಲೆಕ್ಕವನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಂಡೆ.

ಪ್ರಬಂಧದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತಲೇ ಬರೆದೆ. ಕೊನೆಗೆ ಎರಡೂ ಸೂಚನಾ ಹಾಳೆಗಳನ್ನು ಸೇರಿಸಿದ್ದೇನೆ, ‘ನಿಧಿ’ ಇರುವುದನ್ನೂ ಇಲ್ಲದ್ದನ್ನೂ.