ಬೀರುವಿನೊಳಗಿನ ನೋಟ್‌ಬುಕ್

ನಾನು ಕೈಯಾರೆ ಹೊಲಿದ ಮೊದಲ ಒಳ್ಳೆಯ ನೋಟ್‌ಬುಕ್ಕನ್ನು ಚಿಕ್ಕಮ್ಮನಿಗೆ ಕೊಟ್ಟೆ. ಗುಳೇದಗುಡ್ಡ ಖಣದ ಹೊದಿಕೆ, ಒಳಗೆ ಹತ್ತಿಯ ಕೈಕಾಗದ, ಕಟ್ಟೋಕೆ ರೇಷ್ಮೆ ದಾರ. ಮೂರು ವರ್ಷದ ಮೇಲೆ ಅವರ ಮನೆಗೆ ಹೋದಾಗ ಬೀರು ತೆಗೆದು ತೋರಿಸಿದರು. ರೇಷ್ಮೆ ಸೀರೆಗಳ ನಡುವೆ, ಪ್ಲಾಸ್ಟಿಕ್ ಕವರಿನೊಳಗೆ, ಪಕ್ಕದಲ್ಲಿ ಎರಡು ನುಸಿಗುಳಿಗೆ. ಒಂದಕ್ಷರ ಬರೆದಿರಲಿಲ್ಲ. "ಇಷ್ಟು ಚೆನ್ನಾಗಿದೆ, ಇದ್ರಲ್ಲಿ ಏನಂತ ಬರೀಲಿ? ಹಾಳಾಗಲ್ವಾ?" ಅಂದರು. ಹಾಲಿನ ಲೆಕ್ಕವೆಲ್ಲ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿತ್ತು.

ಬೇಜಾರಾಯ್ತು. ಆದರೆ ತಪ್ಪು ನನ್ನದೇ. ನಾನು ಮಾಡಿದ್ದು ನೋಡೋಕೆ ಇಡುವ ವಸ್ತು, ಬರೆಯೋ ಪುಸ್ತಕ ಅಲ್ಲ.

ಕಾಗದದಿಂದಲೇ ಶುರು ಮಾಡುತ್ತೇನೆ. ಹುಬ್ಬಳ್ಳಿ ಹತ್ತಿರದ ತಾರಿಹಾಳ, ಪುದುಚೇರಿ, ಜೈಪುರದ ಬಳಿಯ ಸಾಂಗಾನೇರ್, ಇಲ್ಲೆಲ್ಲ ಹತ್ತಿ ಬಟ್ಟೆಯ ಚೂರುಗಳಿಂದ ಮಾಡುವ ಕೈಕಾಗದ ನನಗೆ ತುಂಬಾ ಇಷ್ಟ. ಜಲವರ್ಣಕ್ಕೆ ಸೊಗಸು. ಆದರೆ ಹಾಲಿನ ಲೆಕ್ಕಕ್ಕೆ? ಬಾಲ್‌ಪೆನ್ ಆ ಉಬ್ಬುತಗ್ಗಿನಲ್ಲಿ ತಡವರಿಸುತ್ತದೆ. ಅಂಚಿನ ನಾರು ನೋಡಿದರೆ ಸಾಕು, ಇದು ಬೆಲೆ ಬಾಳೋದು ಅಂತ ಕೈ ಹಿಂದೆ ಸರಿಯುತ್ತದೆ. ಈಗ ಅದನ್ನು ಶುಭಾಶಯ ಪತ್ರಕ್ಕೆ ಮಾತ್ರ ಬಳಸುತ್ತೇನೆ. ನೋಟ್‌ಬುಕ್ಕಿಗೆ 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ಮ್ಯಾಪ್‌ಲಿಥೊ, ಅಂದರೆ ಪುಸ್ತಕ ಅಚ್ಚು ಹಾಕುವ ನುಣುಪು ಕಾಗದ, ಅಚ್ಚ ಬಿಳಿಯಲ್ಲದ ನ್ಯಾಚುರಲ್ ಶೇಡ್. ಬೆಂಗಳೂರಿನ ಚಿಕ್ಕಪೇಟೆ ಪಕ್ಕದ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿಗಳ ಮಧ್ಯೆ ಸಿಗುತ್ತದೆ. "ದಾಂಡೇಲಿದು ಬೇಕಾ, ತಮಿಳ್ನಾಡಿಂದು ಬೇಕಾ?" ಅಂತ ಯಾವ ಮಿಲ್ಲಿನ ಕಾಗದ ಬೇಕು ಅನ್ನೋದನ್ನ ಕೇಳುತ್ತಾರೆ. ನಾನು ಒಂದೊಂದು ಹಾಳೆ ಇಸ್ಕೊಂಡು, ಅಲ್ಲೇ ನಿಂತು ಇಂಕ್ ಪೆನ್ನಿನಲ್ಲಿ ಹೆಸರು ಬರೆದು, ತಿರುಗಿಸಿ ನೋಡುತ್ತೇನೆ. ಹಿಂದೆ ಮಸಿ ಇಣುಕಬಾರದು. ಅಂಗಡಿಯವರು ನಗುತ್ತಾರೆ, ನಗಲಿ.

ಒಂದು ವಿಷಯ ಕಲಿಯೋಕೆ ಮಾತ್ರ ನಲವತ್ತು ನೋಟ್‌ಬುಕ್ ಹಾಳಾದವು. ಗೆಳೆಯನ ಗೃಹಪ್ರವೇಶಕ್ಕೆ ಬಂದವರಿಗೆ ಕೊಡೋಕೆ ಅಂತ ಒಪ್ಪಿಕೊಂಡಿದ್ದೆ. ಹಿಂದಿನ ದಿನ ಪೆಟ್ಟಿಗೆ ತೆಗೆದರೆ ಒಂದೊಂದೂ ಹಪ್ಪಳದ ಹಾಗೆ ಸೊಟ್ಟಗಾಗಿದೆ! ರಟ್ಟು ಹೊರಕ್ಕೆ ಬಾಗಿ, ಹಾಳೆಗಳು ಬುಡದಲ್ಲಿ ಅಲೆಅಲೆ. ಮಳೆಗಾಲ ಅಂತ ಬೈದುಕೊಂಡೆ. ಮಳೆಯದ್ದಲ್ಲ, ಗ್ರೇನಿನದ್ದು.

ಇವತ್ತಿನ ಪೇಪರ್ ತಗೊಂಡು ಮೇಲಿಂದ ಕೆಳಗೆ ಹರಿದು ನೋಡಿ. ಆಮೇಲೆ ಅಡ್ಡಡ್ಡ ಹರಿಯಿರಿ. ಒಂದು ಕಡೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ಕಡೆ ಎಲ್ಲೆಲ್ಲೋ ಓಡುತ್ತದೆ. ಮಿಲ್ಲಿನಲ್ಲಿ ಕಾಗದ ಓಡುವ ದಿಕ್ಕಿಗೇ ಹೆಚ್ಚಿನ ನಾರುಗಳು ಮಲಗುತ್ತವೆ. ಅದೇ ಗ್ರೇನ್. ನಾರು ನೀರು ಕುಡಿದಾಗ ದಪ್ಪವಾಗುತ್ತದೆ, ಉದ್ದವಾಗೋದು ಕಮ್ಮಿ. ಹಾಗಾಗಿ ಅಂಟು ಹಚ್ಚಿದ ಕೂಡಲೇ ಕಾಗದ ಗ್ರೇನಿಗೆ ಅಡ್ಡವಾಗಿ ಹಿಗ್ಗುತ್ತದೆ. ಹಾಳೆ, ರಟ್ಟು, ರಟ್ಟಿನ ಒಳಬದಿಗೆ ಅಂಟಿಸುವ ಒಳಹೊದಿಕೆ ಮೂರರದ್ದೂ ಗ್ರೇನ್ ಪುಸ್ತಕದ ಬೆನ್ನಿಗೆ, ಅಂದರೆ ಹೊಲಿಯೋ ಅಂಚಿಗೆ, ಸಮಾನಾಂತರವಾಗಿದ್ದರೆ ಎಲ್ಲ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ನಾನು ಎ4 ರೀಮ್ ತಂದು ಅರ್ಧಕ್ಕೆ ಮಡಿಚಿ ಎ5 ಮಾಡಿದ್ದೆ. ಸಾಮಾನ್ಯವಾಗಿ ಎ4 ಹಾಳೆಯ ಗ್ರೇನ್ ಉದ್ದಕ್ಕೆ ಇರುತ್ತದೆ. ಮಡಿಚಿದಾಗ ಅದು ಬೆನ್ನಿಗೆ ಅಡ್ಡ ಬಂತು. ಒಂದು ರಟ್ಟು ಒಂದು ದಿಕ್ಕು, ಇನ್ನೊಂದು ಇನ್ನೊಂದು ದಿಕ್ಕು ಕಟ್ ಆಗಿ ಬಂದಿತ್ತು. ನಾನೂ ಹೇಳಿರಲಿಲ್ಲ, ರಟ್ಟು ಕತ್ತರಿಸಿ ಕೊಟ್ಟವರೂ ಕೇಳಿರಲಿಲ್ಲ. ಗೆಳೆಯ ಪಾಪ ಏನೂ ಅನ್ನಲಿಲ್ಲ. ಬಂದವರಿಗೆ ಸ್ಟೀಲ್ ಡಬ್ಬಿ ಕೊಟ್ಟ.

ಈಗ 23×36 ಇಂಚಿನ ದೊಡ್ಡ ಹಾಳೆಯನ್ನೇ ತರುತ್ತೇನೆ, ಗ್ರೇನ್ 36ರ ಕಡೆಗೆ ಇರೋದು. ಅದನ್ನು 11.5×9 ಇಂಚಿಗೆ ಕತ್ತರಿಸಿದರೆ ಎಂಟು ತುಂಡು. ಮಡಿಚಿ ಅಂಚು ಸವರಿದರೆ ನಮ್ಮ ಕನ್ನಡ ಪುಸ್ತಕಗಳ ಡೆಮಿ 1/8 ಅಳತೆ, ಎಲ್ಲರ ಕೈಗೂ ರೂಢಿಯಿರೋದು. ನಾಲ್ಕು ತುಂಡು ಒಂದರೊಳಗೊಂದು ಸೇರಿಸಿದರೆ 16 ಪುಟದ ಒಂದು ಫರ್ಮಾ. ಅಂಥ ಹತ್ತು ಫರ್ಮಾ ಹೊಲಿದರೆ 160 ಪುಟ. ಐದೇ ಹಾಳೆಯಲ್ಲಿ ಒಂದು ಪುಸ್ತಕ, ಕಾಗದದ ತೂಕ ಕಾಲು ಕೆಜಿ ಚಿಲ್ಲರೆ.

ಹೊಲಿಗೆಗೆ ದಬ್ಬಣ, ಮೇಣ ಸವರಿದ ದಾರ. ಬರೀ ಅಂಟು ಹಾಕಿದ ಪುಸ್ತಕ ಬಿಚ್ಚಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಹೊಲಿದದ್ದು ಚಪಾತಿ ಥರ ಮಲಗುತ್ತದೆ. ಅಂಟು ಮೈದಾದ್ದೇ, ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದ್ದು. ಹುಳ ಬರಬಾರದು ಅಂತ ಹಳೇ ಬೈಂಡರುಗಳು ಹಾಕುತ್ತಿದ್ದದ್ದು. ವಿಷ ಅದು, ಅಡುಗೆಮನೆ ಪಾತ್ರೆಯಲ್ಲಿ ಮಾಡಬೇಡಿ. ಖಣದ ಬಟ್ಟೆಗೆ ನೇರವಾಗಿ ಅಂಟು ಹಚ್ಚಿದರೆ ನೇಯ್ಗೆಯ ಸಂದಿಯಿಂದ ಆಚೆ ಬಂದು ಬಿಳಿ ಕಲೆ ಉಳಿಯುತ್ತದೆ. ಮೊದಲು ಹಿಂಬದಿಗೆ ತೆಳು ಕಾಗದ ಅಂಟಿಸಿ ಒಣಗಿಸಬೇಕು, ಆಮೇಲೆ ರಟ್ಟಿಗೆ. ಕೊನೆಗೆ ರಾತ್ರಿಯಿಡೀ ಭಾರ. ನಮ್ಮ ಮನೆಯಲ್ಲಿ ಅದು 25 ಕೆಜಿ ಸೋನಾ ಮಸೂರಿ ಚೀಲ. ಅನ್ನ ಉಂಡಂತೆಲ್ಲ ಪ್ರೆಸ್ಸು ಹಗುರವಾಗುತ್ತಾ ಹೋಗುತ್ತದೆ.

ಖಣವನ್ನೂ ಈಗ ಪೂರ್ತಿ ಹೊದಿಸುವುದಿಲ್ಲ. ಬೆನ್ನಿಗೆ ಮಾತ್ರ ಎರಡು ಇಂಚಿನ ಪಟ್ಟಿ, ತೇರಿನ ಚಿತ್ತಾರ ಕಾಣುವ ಹಾಗೆ. ಉಳಿದದ್ದು ಕಂದು ಕಾಗದ. ಮೇಲೆ ಕಾಫಿ ಲೋಟ ಇಟ್ಟರೂ ಯಾರಿಗೂ ಪಾಪ ಅನ್ನಿಸಬಾರದು.

ಬರೆದರೆ ಹಾಳಾಗುತ್ತೆ ಅನ್ನೋ ಈ ಭಯ ಹೋಗಿಸೋದು ಹೇಗೆ ಅಂತ ಯೋಚಿಸುವಾಗ ಕಡತದ ನೆನಪಾಯಿತು. ಈಗ ಕಡತ ಅಂದರೆ ಆಫೀಸಿನ ಫೈಲು. ಮೊದಲು ಅದು ಬಟ್ಟೆ. ಹುಣಸೆಬೀಜದ ಗಂಜಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಚಿ ಪುಸ್ತಕ ಮಾಡುತ್ತಿದ್ದರು. ಆ ಕಪ್ಪಿನ ಮೇಲೆ ಬಿಳಿ ಬಳಪದಲ್ಲಿ ಬರಹ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದಿವೆ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಅಂದಮೇಲೆ ಹಾಳಾಗೋ ಮಾತೇ ಇಲ್ಲ, ಅಲ್ವಾ? ನಾನೂ ಸುಮ್ನೆ ಒಂದು ಮಾಡಿ ನೋಡಿದೆ. ಗಂಜಿ ದಪ್ಪವಾಗಿ ಮಡಿಕೆಯಲ್ಲಿ ಬಿರುಕು ಬಿಟ್ಟಿತು, ಎರಡು ದಿನ ಕೈಯೆಲ್ಲ ಕಪ್ಪು. ಕಡತ ಮಾಡೋಕೆ ಬರಲಿಲ್ಲ. ಆದರೆ ಅದರಿಂದ ಒಂದು ಅಭ್ಯಾಸ ಬಂತು. ನಾನು ಕೊಡುವ ಯಾವ ನೋಟ್‌ಬುಕ್ಕಿನ ಮೊದಲ ಪುಟವೂ ಖಾಲಿ ಇರುವುದಿಲ್ಲ. ನಾನೇ ಏನಾದರೂ ಗೀಚಿರುತ್ತೇನೆ, ಒಂದು ತಪ್ಪು ಹೊಡೆದು ಹಾಕಿರುತ್ತೇನೆ.

ಇಷ್ಟರಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಒಂದು ಮುಯ್ಯಿ ಪುಸ್ತಕ, ಮದುವೆಯಲ್ಲಿ ಯಾರು ಎಷ್ಟು ಕೊಟ್ಟರು ಅಂತ ಬರೆದಿಡೋದು. ಪರಿಚಯದವರ ಮಗಳ ಮದುವೆಗೆ. ನಾನು ಹೆಸರು, ಮೊತ್ತ ಅಂತ ಎರಡು ಕಾಲಂ ಹಾಕಿ ತೋರಿಸಿದೆ. ಹುಡುಗಿಯ ಅಜ್ಜಿ ನೋಡಿ, "ಊರು ಎಲ್ಲಪ್ಪ? ಐದು ಜನ ಮಂಜುನಾಥ ಬರ್ತಾರೆ" ಅಂದರು. ಸರಿ, ಊರು ಸೇರಿತು. "ನಾವು ವಾಪಸ್ ಹಾಕಿದ್ದು ಎಲ್ಲಿ ಬರೆಯೋದು?" ಅಂದರು. ಅದು ನನಗೆ ಹೊಳೆದೇ ಇರಲಿಲ್ಲ. ಮುಯ್ಯಿ ಅಂದರೆ ಮುಯ್ಯಿಗೆ ಮುಯ್ಯಿ, ಅವರ ಮನೆ ಮದುವೆಗೆ ಇವರು ಹೋಗುವಾಗ ಇದೇ ಪುಸ್ತಕ ತೆಗೆಯಬೇಕು. ನಾಲ್ಕನೇ ಕಾಲಂ ಬಂತು. ಅವತ್ತು ಛತ್ರದಲ್ಲಿ ಬರೆಯೋಕೆ ಕೂತ ಹುಡುಗನನ್ನು ನೋಡುತ್ತಾ ನಿಂತಿದ್ದೆ. ಎಡಗೈಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರುಗಳು, ಬಲಗೈಯಲ್ಲಿ ಪೆನ್ನು. ಪುಸ್ತಕ ಹಿಡಿಯೋಕೆ ಮೂರನೇ ಕೈ ಇಲ್ಲ, ಬೇಕಾಗಲೂ ಇಲ್ಲ. ಅದು ಟೇಬಲ್ಲಿನ ಮೇಲೆ ತಾನೇ ಮಲಗಿತ್ತು.

ಚಿಕ್ಕಮ್ಮನಿಗೆ ಎರಡನೇ ಪುಸ್ತಕ ಮಾಡಿದೆ. ಕಂದು ಹೊದಿಕೆ, ಗೆರೆ ಹಾಕಿದ ಹಾಳೆ, ಪಂಚಾಂಗದ ಹಾಗೆ ಮೂಲೆಯಲ್ಲಿ ತೂತು, ಮೊಳೆಗೆ ನೇತುಹಾಕೋಕೆ ದಾರ. ಮೊದಲ ಪುಟದಲ್ಲಿ "ಹಾಲು" ಅಂತ ಬರೆದು ಆ ತಿಂಗಳ ಮೂರು ದಿನದ ಲೆಕ್ಕ ನಾನೇ ತುಂಬಿಸಿದೆ. ಅದರಲ್ಲೂ ಒಂದನ್ನು ಬೇಕಂತಲೇ ತಪ್ಪು ಮಾಡಿ ಕಾಟು ಹಾಕಿದೆ.

ಆರು ತಿಂಗಳ ಮೇಲೆ ಫೋನ್ ಮಾಡಿದರು. "ನಿನ್ನ ಪುಸ್ತಕ ಸರಿ ಇಲ್ಲ. ಒಂದು ಹಾಳೆ ಹರಿದ್ರೆ ಇನ್ನೊಂದು ತಾನಾಗೇ ಕಿತ್ಕೊಂಡು ಬರುತ್ತೆ." ಹೋಗಿ ನೋಡಿದೆ. ಅರಿಸಿನದ ಬೆರಳು, ಎಣ್ಣೆ, ಗ್ಯಾಸ್ ಬಂದ ತಾರೀಕು, ಬಿಪಿ ಮಾತ್ರೆ, ಯಾರದ್ದೋ ಫೋನ್ ನಂಬರ್. ಹರಿದ ಹಾಳೆಗಳೆಲ್ಲ ಪಕ್ಕದ ಮನೆಗೆ ಸಾಮಾನಿನ ಚೀಟಿಯಾಗಿ ಹೋಗಿದ್ದವು. ಅವರು ಹೇಳಿದ್ದು ನಿಜ. ಫರ್ಮಾದಲ್ಲಿ ಎರಡೆರಡು ಹಾಳೆ ಒಂದೇ ತುಂಡು, ಮಧ್ಯದಲ್ಲಿ ಹೊಲಿಗೆ. ಒಂದನ್ನು ಬುಡದಿಂದ ಕಿತ್ತರೆ ಇನ್ನೊಂದಕ್ಕೆ ಹಿಡಿತ ಇರುವುದಿಲ್ಲ.

ಈಗ ಕೊನೆಯ ಎರಡು ಫರ್ಮಾಗಳಿಗೆ, ಹೊಲಿಗೆಯಿಂದ ಅರ್ಧ ಇಂಚು ಬಿಟ್ಟು, ಟೈಲರುಗಳು ಗುರುತು ಹಾಕುವ ಮುಳ್ಳುಚಕ್ರ ಉರುಳಿಸುತ್ತೇನೆ. ಆ ತೂತಿನ ಗೆರೆಗೆ ಹಾಳೆ ನೀಟಾಗಿ ಹರಿಯುತ್ತದೆ, ಬುಡ ಹೊಲಿಗೆಯಲ್ಲೇ ಉಳಿಯುತ್ತದೆ. ಹೀಗೆ ಮಾಡಿದ ಒಂದನ್ನೂ ಚಿಕ್ಕಮ್ಮನಿಗೇ ಕೊಟ್ಟಿದ್ದೇನೆ. ಹಳೇ ಖಣದ್ದು ಇನ್ನೂ ಬೀರುವಿನಲ್ಲೇ ಇದೆ.